ಡೀಸೆಲ್ ಲಾರಿ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ನೋಡಬೇಕು?



ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಒಂದು ವಿಷಯ ಗೊತ್ತು. ಇಪ್ಪತ್ತು ಮೂವತ್ತು ಸಲ ಜೋರಾಗಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿದರೆ ಬಿಸಿಯಾಗಿರುತ್ತದೆ. ಅಲ್ಲಿ ಬೆಂಕಿ ಇಲ್ಲ, ಬಿಸಿಲೂ ಇಲ್ಲ. ಹಾಗಾದರೆ ಆ ಬಿಸಿ ಎಲ್ಲಿಂದ ಬಂತು? ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಈ ಒಂದು ಸಂಗತಿಯನ್ನು ನಂಬಿಕೊಂಡೇ ನಮ್ಮೂರಿಗೆ ಬರುವ ಲಾರಿ, ಬಸ್ಸು, ಟ್ರ್ಯಾಕ್ಟರು ಎಲ್ಲ ಓಡುತ್ತವೆ.

ನಮ್ಮ ಮಾವ ಲಾರಿ ಡ್ರೈವರ್. ಲಾರಿ ಕೈಕೊಟ್ಟಾಗ ಅವರೂ ಮೇಸ್ತ್ರಿಯೂ ಏನೇನು ನೋಡುತ್ತಾರೆ ಎಂದು ನಾನು ಕೇಳಿ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಅದನ್ನು ನಮ್ಮ ವಿಜ್ಞಾನದ ಪಾಠದ ಜೊತೆ ಸೇರಿಸಿ ಇಲ್ಲಿ ಬರೆದಿದ್ದೇನೆ. ಲಾರಿ ಕೆಟ್ಟರೆ ನಮಗೇನು ಎಂದು ಕೇಳಬೇಡಿ. ನಮ್ಮೂರಿನ ಶೇಂಗಾ, ಈರುಳ್ಳಿ, ಮೆಕ್ಕೆಜೋಳ ಎಲ್ಲ ಮಾರ್ಕೆಟ್ಟಿಗೆ ಹೋಗುವುದು ಲಾರಿಯಲ್ಲೇ.

1. ಡೀಸೆಲ್ ಇಂಜಿನ್ನಿನಲ್ಲಿ ಬೆಂಕಿ ಹಚ್ಚುವವರು ಯಾರು?

ಪೆಟ್ರೋಲ್ ಬೈಕಿನಲ್ಲಿ ಒಂದು ಪ್ಲಗ್ ಇರುತ್ತದೆ. ಅದು ಕಿಡಿ ಹಾರಿಸುತ್ತದೆ, ಪೆಟ್ರೋಲು ಹತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಅಲ್ಲಿ ಬೆಂಕಿಕಡ್ಡಿಯ ಕೆಲಸ ಮಾಡುವುದು ಬರೀ ಗಾಳಿ. ಅದು ನಾಲ್ಕು ಹಂತದಲ್ಲಿ ನಡೆಯುತ್ತದೆ.

ಒಂದನೇ ಹಂತ: ಪಿಸ್ಟನ್ನು ಕೆಳಗಿಳಿಯುತ್ತದೆ, ಸಿಲಿಂಡರಿನೊಳಕ್ಕೆ ಗಾಳಿ ಬರುತ್ತದೆ.

ಎರಡನೇ ಹಂತ: ಎರಡೂ ವಾಲ್ವು ಮುಚ್ಚಿಕೊಳ್ಳುತ್ತವೆ. ಪಿಸ್ಟನ್ನು ಮೇಲೇರಿ ಆ ಗಾಳಿಯನ್ನು 16ರಿಂದ 20ರಲ್ಲಿ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಒಂದು ಕೊಡದ ಗಾಳಿಯನ್ನು ಒಂದು ಚೊಂಬಿನೊಳಗೆ ತುರುಕಿದ ಹಾಗೆ. ಆಗ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುತ್ತದೆ. ನೀರು ಕುದಿಯುವುದಕ್ಕೆ 100 ಡಿಗ್ರಿ ಸಾಕು ಎಂದು ನಾವು ಓದಿದ್ದೇವೆ. ಹೋಲಿಸಿ ನೋಡಿ.

ಮೂರನೇ ಹಂತ: ಆ ಸುಡುವ ಗಾಳಿಗೆ ನಾಝಲ್ಲು ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸುತ್ತದೆ. ಡೀಸೆಲ್ಲು ಅಷ್ಟು ಬಿಸಿಯಲ್ಲಿ ತಾನಾಗಿಯೇ ಹತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಲಾರಿಗೆ ಶಕ್ತಿ ಬರುವುದು ಇಲ್ಲೇ.

ನಾಲ್ಕನೇ ಹಂತ: ಪಿಸ್ಟನ್ನು ಮತ್ತೆ ಮೇಲೇರಿ ಹೊಗೆಯನ್ನು ಸೈಲೆನ್ಸರ್ ಕಡೆಗೆ ತಳ್ಳುತ್ತದೆ.

ನಿಮಗಿದು ಗೊತ್ತೆ?
ಈ ಇಂಜಿನ್ನು ಕಂಡುಹಿಡಿದವರು ರುಡಾಲ್ಫ್ ಡೀಸೆಲ್. ಇವರು 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆ ತಾಯಿ ಜರ್ಮನಿಯವರು. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಐದು ವರ್ಷ ಕಷ್ಟಪಟ್ಟು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಇಂಜಿನ್ನನ್ನು ಚೆನ್ನಾಗಿ ಓಡಿಸಿ ತೋರಿಸಿದರು. 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ಸಮುದ್ರದಲ್ಲಿ ತೀರಿಕೊಂಡರು. ನಾವು ಬಂಕಿನಲ್ಲಿ ಕೊಳ್ಳುವ ಡೀಸೆಲ್ಲಿಗೆ ಅವರದೇ ಹೆಸರು. ಡೀಸೆಲನ್ನು ಅಳತೆ ಮಾಡಿ ಚಿಮ್ಮಿಸುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಿಂದ ಹೆಚ್ಚಿನ ಸಂಖ್ಯೆಯಲ್ಲಿ ಮಾಡತೊಡಗಿತು. ಆಮೇಲೇ ಡೀಸೆಲ್ ಲಾರಿಗಳು ಹೆಚ್ಚಿದವು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಕಂಪನಿ ಶುರುವಾಗಿ ಇಂಥ ಪಂಪುಗಳನ್ನು ನಮ್ಮ ದೇಶದಲ್ಲೇ ಮಾಡಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆದರೂ ಹಳೇ ಮೇಸ್ತ್ರಿಗಳ ಬಾಯಲ್ಲಿ ಅದು ಈಗಲೂ ಮೈಕೋ ಪಂಪೇ.

2. ಇಂಜಿನ್ನಿಗೆ ಬೇಕಾದ ಮೂರು

ಮೇಲಿನ ನಾಲ್ಕು ಹಂತ ಓದಿದರೆ ಒಂದು ಗೊತ್ತಾಗುತ್ತದೆ. ಡೀಸೆಲ್ ಇಂಜಿನ್ ಸ್ಟಾರ್ಟ್ ಆಗಲು ಮೂರೇ ಮೂರು ಬೇಕು.

ಅ) ಸುತ್ತು. ಇಂಜಿನ್ನು ಸಾಕಷ್ಟು ಜೋರಾಗಿ ತಿರುಗಬೇಕು.
ಆ) ಅದುಮಿದ ಬಿಸಿ ಗಾಳಿ. ಗಾಳಿ ಒಳಗೆ ಬರಬೇಕು, ಸೋರಿ ಹೋಗಬಾರದು.
ಇ) ಡೀಸೆಲ್. ಶುದ್ಧವಾಗಿರಬೇಕು, ಸರಿಯಾದ ಹೊತ್ತಿಗೆ ಚಿಮ್ಮಬೇಕು.

ಒಲೆ ಹೊತ್ತಲು ಸೌದೆ, ಗಾಳಿ, ಕಿಡಿ ಮೂರೂ ಬೇಕಲ್ಲವೇ? ಹಾಗೆಯೇ ಇದು. ಮೂರರಲ್ಲಿ ಯಾವುದು ತಪ್ಪಿದೆ ಎಂದು ಮೊದಲು ಕಂಡುಕೊಂಡವನು ಅರ್ಧ ರಿಪೇರಿ ಮುಗಿಸಿದ ಹಾಗೆ. ಅದು ಬಿಟ್ಟು ಸಿಕ್ಕಿದ ನಟ್ಟನ್ನೆಲ್ಲ ಬಿಚ್ಚಿದರೆ ಗುಡ್ಡ ಅಗೆದು ಇಲಿ ಹಿಡಿದಂತೆ ಆಗುತ್ತದೆ.

3. ಮೊದಲನೇ ಪ್ರಶ್ನೆ: ಇಂಜಿನ್ ತಿರುಗುತ್ತಿದೆಯೇ?

ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸುವ ಮೋಟಾರಿಗೆ ಡ್ರೈವರುಗಳು ಸೆಲ್ಫ್ ಎನ್ನುತ್ತಾರೆ. ಸೆಲ್ಫ್ ಹೊಡೆದಾಗ ಕಿವಿಗೊಟ್ಟು ಕೇಳಬೇಕು. ಸದ್ದಿನಲ್ಲೇ ಅರ್ಧ ಉತ್ತರ ಇರುತ್ತದೆ.

ಏನೂ ಸದ್ದಿಲ್ಲ: ಕರೆಂಟೇ ಬರುತ್ತಿಲ್ಲ. ಬ್ಯಾಟರಿಯ ಮೇನ್ ಸ್ವಿಚ್ ಆಫ್ ಆಗಿದೆಯಾ? ಟರ್ಮಿನಲ್ ಸಡಿಲವಾಗಿದೆಯಾ? ಅದರ ಮೇಲೆ ಬಿಳಿ ಹಸಿರು ಹೂವು ಕಟ್ಟಿದೆಯಾ? ಗೇರು ನ್ಯೂಟ್ರಲ್‌ನಲ್ಲಿ ಇದೆಯಾ?

ಟಕ್ ಟಕ್ ಎನ್ನುತ್ತದೆ, ತಿರುಗುವುದಿಲ್ಲ: ಕರೆಂಟು ಬರುತ್ತಿದೆ, ಆದರೆ ಸಾಲದು. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದು ನೋಡಬೇಕು. ಲೈಟು ಪೂರಾ ಮಂಕಾಗಿ ಬಿದ್ದುಹೋದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸರಿಯಾಗಿ ಕಚ್ಚಿಲ್ಲ. ಲೈಟು ಜೋರಾಗಿಯೇ ಇದ್ದರೆ ಬ್ಯಾಟರಿಯದಲ್ಲ, ಸೆಲ್ಫಿನದೇ ತಕರಾರು ಇರಬಹುದು.

ಉಸ್ಸಪ್ಪಾ ಎಂದು ನಿಧಾನಕ್ಕೆ ತಿರುಗುತ್ತದೆ: ಇದೂ ಬ್ಯಾಟರಿ ಇಲ್ಲವೇ ವೈರಿನ ಸಮಸ್ಯೆ. ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ವೈರು ಸಡಿಲವಿದ್ದರೂ ಹೀಗೇ ಆಗುತ್ತದೆ. ನಿಧಾನಕ್ಕೆ ತಿರುಗಿದರೆ ಅದುಮಿದ ಗಾಳಿ ಬಿಸಿಯಾಗುವಷ್ಟರಲ್ಲಿ ಸಿಲಿಂಡರಿನ ತಣ್ಣನೆ ಗೋಡೆ ಆ ಬಿಸಿಯನ್ನು ಹೀರಿಕೊಂಡು ಬಿಡುತ್ತದೆ. ಸ್ವಲ್ಪ ಗಾಳಿ ರಿಂಗಿನ ಸಂದಿಯಲ್ಲಿ ಸೋರಿಯೂ ಹೋಗುತ್ತದೆ. ಆದ್ದರಿಂದ ಬರೀ ತಿರುಗಿದರೆ ಸಾಲದು, ಜೋರಾಗಿ ತಿರುಗಬೇಕು.

ಬ್ಯಾಟರಿಯ ಲೆಕ್ಕ ಹೀಗಿದೆ. ಒಂದು ಬ್ಯಾಟರಿಯಲ್ಲಿ 6 ಕೋಣೆ. ಒಂದೊಂದು ಕೋಣೆಯೂ 2 ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ದೊಡ್ಡ ಲಾರಿಗಳಲ್ಲಿ ಇಂಥ ಎರಡು ಬ್ಯಾಟರಿಯನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಟಾರ್ಚಿನಲ್ಲಿ ಎರಡು ಸೆಲ್ ಒಂದರ ಹಿಂದೆ ಒಂದು ಹಾಕುತ್ತೇವಲ್ಲ, ಅದೇ ರೀತಿ. ಎರಡರಲ್ಲಿ ಒಂದು ಸತ್ತರೂ ಸೆಲ್ಫ್ ಎತ್ತುವುದಿಲ್ಲ.

4. ಎರಡನೇ ಪ್ರಶ್ನೆ: ಹೊಗೆ ಬರುತ್ತಿದೆಯೇ? ಯಾವ ಬಣ್ಣ?

ಇಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೂ ಹಿಡಿಯುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಬಾನೆಟ್ಟಿನ ಕಡೆ ಓಡಬಾರದು. ಸೈಲೆನ್ಸರ್ ಕಡೆ ನೋಡಬೇಕು. ಡಾಕ್ಟರು ನಾಲಿಗೆ ನೋಡಿ ಜ್ವರ ತಿಳಿಯುವ ಹಾಗೆ ಮೇಸ್ತ್ರಿ ಹೊಗೆ ನೋಡಿ ರೋಗ ತಿಳಿಯುತ್ತಾನೆ.

ಹೊಗೆಯೇ ಇಲ್ಲ: ಸಿಲಿಂಡರಿಗೆ ಡೀಸೆಲ್ ಬರುತ್ತಲೇ ಇಲ್ಲ. ಡೀಸೆಲ್ ಬಂದಿದ್ದರೆ ಅದು ಉರಿಯದಿದ್ದರೂ ಆವಿಯಾಗಿ ಬೆಳ್ಳಗೆ ಹೊರಗೆ ಬರಲೇಬೇಕು.

ಬಿಳಿ ಹೊಗೆ, ಕಣ್ಣು ಉರಿಯುವ ಡೀಸೆಲ್ ವಾಸನೆ: ಡೀಸೆಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಗಾಳಿ ಸಾಕಷ್ಟು ಬಿಸಿಯಾಗುತ್ತಿಲ್ಲ. ಕಾರಣ ಚಳಿ ಇರಬಹುದು, ನಿಧಾನದ ಸುತ್ತು ಇರಬಹುದು, ರಿಂಗು ಅಥವಾ ವಾಲ್ವು ಸವೆದು ಗಾಳಿ ಸೋರುತ್ತಿರಬಹುದು. ಪಂಪಿನ ಟೈಮಿಂಗ್ ತಪ್ಪಿದ್ದರೂ, ಡೀಸೆಲ್ಲಿನಲ್ಲಿ ನೀರಿದ್ದರೂ ಹೀಗಾಗುತ್ತದೆ.

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಕ್ಲೀನರ್ ಧೂಳಿನಿಂದ ಕಟ್ಟಿಕೊಂಡಿದೆಯಾ ನೋಡಬೇಕು. ನಮ್ಮ ಕಡೆ ಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗೆ ಇದು ಸಾಮಾನ್ಯ.

ಹೊಗೆ ನೋಡುವವರು ಲಾರಿಯ ಹಿಂದೆ ನಿಲ್ಲಬಾರದು, ಪಕ್ಕದಲ್ಲಿ ದೂರ ನಿಂತು ನೋಡಬೇಕು.

5. ಡೀಸೆಲ್ ಬರುವ ದಾರಿ

ಹೊಗೆ ಇಲ್ಲದಿದ್ದರೆ ಡೀಸೆಲ್ ಬರುವ ದಾರಿಯಲ್ಲಿ ನಡೆದು ನೋಡಬೇಕು. ಹಳೇ ಮಾದರಿ ಲಾರಿಯಲ್ಲಿ ಆ ದಾರಿ ಹೀಗಿದೆ:

ಟ್ಯಾಂಕು – ಪೈಪು – ನೀರು ಬೇರ್ಪಡಿಸುವ ಬಟ್ಟಲು – ಫೀಡ್ ಪಂಪು – ಫಿಲ್ಟರು – ದೊಡ್ಡ ಪಂಪು – ಕಬ್ಬಿಣದ ಸಣ್ಣ ಪೈಪುಗಳು – ನಾಝಲ್ಲು – ಸಿಲಿಂಡರು.

ಇದು ನಮ್ಮೂರಿನ ನಲ್ಲಿಯ ಹಾಗೇ. ಮನೆ ನಲ್ಲಿಯಲ್ಲಿ ನೀರು ಬರದಿದ್ದರೆ ಓವರ್‌ಹೆಡ್ ಟ್ಯಾಂಕಿನಿಂದ ನೋಡಿಕೊಂಡು ಬರುತ್ತಾರಲ್ಲವೇ? ಇಲ್ಲೂ ಅದೇ ಕ್ರಮ.

ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಮೀಟರನ್ನು ನಂಬದೆ ಶುದ್ಧವಾದ ಕಡ್ಡಿ ಇಳಿಸಿ ನೋಡಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋದರೆ ಡೀಸೆಲ್ ಎಳೆದಂತೆ ಟ್ಯಾಂಕಿನೊಳಗೆ ಒತ್ತಡ ಕಡಿಮೆಯಾಗಿ ಡೀಸೆಲ್ ಬರುವುದು ನಿಲ್ಲುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಇನ್ನೊಂದು ತೂತು ಮಾಡಬೇಕು. ಇದು ಎಲ್ಲರಿಗೂ ಗೊತ್ತಿರುವುದೇ.

ಎರಡನೆಯದು, ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪರ್. ಹಳೇ ಲಾರಿಗಳಲ್ಲಿ ಇದನ್ನು ಎಳೆದರೆ ಪಂಪು ಡೀಸೆಲ್ ಕೊಡುವುದನ್ನು ನಿಲ್ಲಿಸುತ್ತದೆ. ಅದರ ತಂತಿ ತುಕ್ಕು ಹಿಡಿದು ವಾಪಸ್ ಹೋಗದೇ ಇದ್ದರೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯುವುದಿಲ್ಲ. ನೋಡಲು ಒಂದು ನಿಮಿಷ ಸಾಕು, ಆದರೆ ಮರೆತುಬಿಡುವವರೇ ಹೆಚ್ಚು.

ಮೂರನೆಯದು ನೀರು. ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್, ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ನೀರು ತಳಕ್ಕೆ ಇಳಿಯುತ್ತದೆ, ಡೀಸೆಲ್ ಮೇಲೆ ನಿಲ್ಲುತ್ತದೆ. ನೀರಿನ ಸಾಂದ್ರತೆ 1 ಆದರೆ ಡೀಸೆಲ್ಲಿನದು ಸುಮಾರು 0.83. ಅದಕ್ಕೇ ಬಟ್ಟಲಿನ ತಳದಲ್ಲಿ ಒಂದು ಸ್ಕ್ರೂ ಇಟ್ಟಿರುತ್ತಾರೆ. ಬೆಳಿಗ್ಗೆ ಗಾಡಿ ಅಲ್ಲಾಡುವ ಮೊದಲೇ ಅದನ್ನು ಸಡಿಲಿಸಿದರೆ ತಳದ ನೀರು ಹೊರಗೆ ಹೋಗುತ್ತದೆ.

ನಾಲ್ಕನೆಯದು ಫಿಲ್ಟರು. ಕಸ ಕಟ್ಟಿಕೊಂಡರೆ ಡೀಸೆಲ್ ದಾಟುವುದಿಲ್ಲ.

ಐದನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು, ಪೈಪಿನೊಳಗೆ ಹೊಕ್ಕ ಗಾಳಿ. ಇದಕ್ಕೆ ಏರ್ ಹಿಡಿದಿದೆ ಎನ್ನುತ್ತಾರೆ.

ಮಾಡಿ ನೋಡಿ: ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಒತ್ತಿ. ದಂಡ ಅಲ್ಲಾಡುವುದಿಲ್ಲ. ಈಗ ನೀರು ಚೆಲ್ಲಿ ಬರೀ ಗಾಳಿ ಎಳೆದುಕೊಂಡು ಒತ್ತಿ. ದಂಡ ಅರ್ಧದವರೆಗೂ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ನೀರು ಅದುಮಿಸಿಕೊಳ್ಳುವುದಿಲ್ಲ, ಗಾಳಿ ಅದುಮಿಸಿಕೊಳ್ಳುತ್ತದೆ.

ನಾಝಲ್ಲು ಬಾಯಿ ಬಿಡಬೇಕಾದರೆ ಸುಮಾರು 200 ವಾಯುಭಾರದಷ್ಟು ಒತ್ತಡ ಬೇಕು. ಲಾರಿ ಟೈರಿನಲ್ಲಿ ಇರುವುದೇ ಏಳೆಂಟು ವಾಯುಭಾರ. ಪೈಪಿನಲ್ಲಿ ಡೀಸೆಲ್ ಮಾತ್ರ ಇದ್ದರೆ ಪಂಪು ಒತ್ತಿದ ಕೂಡಲೇ ಆ ಒತ್ತಡ ನಾಝಲ್ಲಿಗೆ ಮುಟ್ಟುತ್ತದೆ. ನಡುವೆ ಗಾಳಿ ಗುಳ್ಳೆ ಇದ್ದರೆ ಪಂಪು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ನಾಝಲ್ಲು ಬಾಯಿ ಬಿಡುವುದಿಲ್ಲ. ಟ್ಯಾಂಕು ತುಂಬ ಡೀಸೆಲ್ ಇದ್ದರೂ ಇಂಜಿನ್ನಿಗೆ ಉಪವಾಸ.

ಏರ್ ತೆಗೆಯುವ ಕ್ರಮ: ಫಿಲ್ಟರಿನ ಮೇಲಿರುವ ಸ್ಕ್ರೂ ಸ್ವಲ್ಪ ಸಡಿಲಿಸಬೇಕು. ಫೀಡ್ ಪಂಪಿನ ಮೇಲಿರುವ ಕೈಪಂಪನ್ನು ಒತ್ತುತ್ತಾ ಇರಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಇಲ್ಲದೆ ಬಂದಾಗ ಸ್ಕ್ರೂ ಬಿಗಿಯಬೇಕು. ನಂತರ ದೊಡ್ಡ ಪಂಪಿನ ಸ್ಕ್ರೂನಲ್ಲೂ ಹೀಗೇ ಮಾಡಬೇಕು. ಟ್ಯಾಂಕಿನ ಕಡೆಯಿಂದ ಇಂಜಿನ್ನಿನ ಕಡೆಗೆ ಸಾಗಬೇಕು, ಹಿಂದುಮುಂದು ಮಾಡಬಾರದು.

6. ಒಂದು ಉದಾಹರಣೆ: ಈರುಳ್ಳಿ ಲಾರಿ

2024ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಓಣಿಯ ನಾಲ್ಕು ಮನೆಯ ಈರುಳ್ಳಿ ಒಂದೇ ಲಾರಿಯಲ್ಲಿ ಬೆಂಗಳೂರಿನ ಯಶವಂತಪುರ ಮಾರ್ಕೆಟ್ಟಿಗೆ ಹೊರಟಿತ್ತು. 180 ಚೀಲ. ನಮ್ಮ ಚಿತ್ರದುರ್ಗದ ಕಡೆಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರು. ಬೆಳಗಿನ ಹರಾಜಿಗೆ ಮುಟ್ಟಬೇಕು. ಲಾರಿ ಹಿಂದಿನ ಸಂಜೆಯೇ ಬಂದು ಹೊಲದ ಪಕ್ಕ ನಿಂತಿತ್ತು. ಒಂದು ದಿನ ಪೂರ್ತಿ ಚೀಲ ಹೇರಿದರು. ಸಂಜೆ 7 ಗಂಟೆಗೆ ಮಾವ ಸೆಲ್ಫ್ ಹೊಡೆದರೆ ಲಾರಿ ಸ್ಟಾರ್ಟ್ ಆಗಲಿಲ್ಲ.

ಮೂಡಲ ಕಡೆ ಮೋಡ ಕಟ್ಟಿತ್ತು. ಹೊಲದ ಮಣ್ಣು ಹಸಿಯಾದರೆ ಹೇರಿದ ಲಾರಿ ಮೇಲೆ ಏಳುವುದಿಲ್ಲ. ನೆಂದ ಈರುಳ್ಳಿ ಎರಡೇ ದಿನಕ್ಕೆ ಕೊಳೆಯಲು ಶುರುವಾಗುತ್ತದೆ. ಆ ಚೀಲಗಳಲ್ಲಿ ಪಕ್ಕದ ಮನೆ ಅಜ್ಜಿಯವು 40. ಅವರಿಗೆ ಆ ವರ್ಷಕ್ಕೆ ಅದೊಂದೇ ಬೆಳೆ. ಅಜ್ಜಿ ಲಾರಿ ಪಕ್ಕ ಕಲ್ಲಿನ ಮೇಲೆ ಕೂತು ಯಾರ ಹತ್ತಿರವೂ ಮಾತಾಡದೆ ಆಕಾಶ ನೋಡುತ್ತಿದ್ದರು.

"ಟ್ರ್ಯಾಕ್ಟರ್ ತಂದು ಎಳ್ಸಿಬಿಡಾನ" ಎಂದು ಕೆಲವರು ಹೊರಟರು. ಮಾವ "ತಡೀರಿ" ಎಂದು ಪೇಟೆಯ ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ಬೇರೆ ಕಡೆ ಕೆಲಸದಲ್ಲಿದ್ದ, ಬರಲು ಆಗುವಂತಿರಲಿಲ್ಲ. ಫೋನಿನಲ್ಲೇ ಒಂದೊಂದಾಗಿ ಪ್ರಶ್ನೆ ಕೇಳಿದ. ನಾನು ಪಕ್ಕದಲ್ಲೇ ಇದ್ದುದರಿಂದ ಎಲ್ಲ ಕೇಳಿಸಿತು.

"ಅಣ್ಣ, ಸೆಲ್ಫ್ ಹೊಡೆದ್ರೆ ತಿರುಗ್ತೈತಾ?"
"ಚೆನ್ನಾಗೇ ತಿರುಗ್ತೈತಪ್ಪ."
"ಹಂಗಾದ್ರೆ ಬ್ಯಾಟ್ರಿ ತಂಟೆ ಬಿಡಿ. ಹೊಗೆ ಏನಾದ್ರೂ ಬರ್ತೈತಾ?"

ಮಾವ ನನಗೆ "ಪಕ್ಕಕ್ಕೆ ನಿಂತ್ಕೊಂಡು ಟಾರ್ಚ್ ಬಿಟ್ಟು ನೋಡು ಮಗ" ಎಂದರು. ನಾನು ನೋಡಿದೆ. ಒಂದು ಎಳೆ ಹೊಗೆಯೂ ಇರಲಿಲ್ಲ.

"ಹೊಗೆ ಇಲ್ಲ ಅಂದ್ರೆ ಡೀಸೆಲ್ ಬಂದಿಲ್ಲ. ಟ್ರ್ಯಾಕ್ಟರ್‌ನಾಗೆ ಎಳೆದ್ರೆ ಇಂಜಿನ್ ತಿರುಗ್ತೈತೆ ಅಷ್ಟೆ. ಅದು ಈಗ್ಲೂ ತಿರುಗ್ತಾನೇ ಐತಲ್ಲ. ಎಳೀಬ್ಯಾಡ್ರಿ" ಎಂದ ಮೇಸ್ತ್ರಿ.

ಇದು ನನಗೆ ಬಹಳ ಹಿಡಿಸಿದ ಮಾತು. ಎಳೆಯುವುದು ಸುತ್ತಿನ ಕೊರತೆಗೆ ಮದ್ದು, ಡೀಸೆಲ್ಲಿನ ಕೊರತೆಗೆ ಅಲ್ಲ. ಹೊಟ್ಟೆನೋವಿಗೆ ಕಣ್ಣಿನ ಮದ್ದು ಹಾಕಿದರೆ ಏನು ಪ್ರಯೋಜನ?

ಕಡ್ಡಿ ಇಳಿಸಿ ನೋಡಿದರು, ಟ್ಯಾಂಕು ಅರ್ಧಕ್ಕಿಂತ ಮೇಲಿತ್ತು. ಸ್ಟಾಪರ್ ಸರಿಯಾಗಿ ಒಳಗೆ ಹೋಗಿತ್ತು. ಬಟ್ಟಲಿನಲ್ಲಿ ನೀರಿರಲಿಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಬರೀ ನೊರೆ. ಐದು ನಿಮಿಷ ಒತ್ತಿದರೂ ನೊರೆ ನಿಲ್ಲಲಿಲ್ಲ.

ಆಗ ಮೇಸ್ತ್ರಿ ಹೇಳಿದ ಉಪಾಯ ಕೇಳಿ. "ಒಂದು ಕ್ಯಾನಿಗೆ ಶುದ್ಧ ಡೀಸೆಲ್ ಹಾಕ್ಕೊಳಿ. ಟ್ಯಾಂಕಿನಿಂದ ಬರೋ ಪೈಪ್ ಬಿಚ್ಚಿ. ಬೇರೆ ಪೈಪ್ ತಗಂಡು ಕ್ಯಾನಿಂದ ಸೀದಾ ಫೀಡ್ ಪಂಪಿಗೆ ಕೊಡಿ. ಈಗ ಒತ್ತಿ." ಟ್ರ್ಯಾಕ್ಟರಿಗೆಂದು ಮನೆಯಲ್ಲಿಟ್ಟಿದ್ದ ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಹಾಕಿದರು. ಒತ್ತಿದರು. ಸ್ವಲ್ಪ ಹೊತ್ತು ನೊರೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಬಂತು. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರು. ಮೊದಲು ಬಿಳಿ ಹೊಗೆ ಬಂತು, ಆಮೇಲೆ ಇಂಜಿನ್ ಹಿಡಿಯಿತು.

ಇದರಿಂದ ಏನು ಸಾಬೀತಾಯಿತು? ಫೀಡ್ ಪಂಪಿನಿಂದ ಮುಂದಕ್ಕೆ ಎಲ್ಲ ಸರಿ ಇದೆ. ತಪ್ಪು ಇರುವುದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ದಾರಿಯನ್ನು ಎರಡು ತುಂಡು ಮಾಡಿ, ಒಂದು ತುಂಡು ಸರಿ ಎಂದು ತೋರಿಸಿದರೆ ಉಳಿದ ತುಂಡಿನಲ್ಲೇ ಕಳ್ಳ ಇರಬೇಕು. ಟಾರ್ಚ್ ಹಿಡಿದು ಆ ಪೈಪನ್ನೇ ಸವರುತ್ತಾ ಹೋದರು. ಚಾಸಿಗೆ ಉಜ್ಜುವ ಜಾಗದಲ್ಲಿ ರಬ್ಬರ್ ಪೈಪು ಸೀಳಿತ್ತು. ಸೀಳು ಉಗುರಿನಷ್ಟು. ಆ ತುಂಡು ಕತ್ತರಿಸಿ ಬೇರೆ ಡೀಸೆಲ್ ಪೈಪು ಹಾಕಿ ಎರಡೂ ಕಡೆ ಕ್ಲಿಪ್ಪು ಬಿಗಿದು, ಮತ್ತೊಮ್ಮೆ ಏರ್ ತೆಗೆದರು. ರಾತ್ರಿ ಹತ್ತರ ಹೊತ್ತಿಗೆ ಲಾರಿ ಹೊರಟಿತು. ಮಳೆ ಹನ್ನೊಂದಕ್ಕೆ ಬಂತು.

ಇಲ್ಲಿ ಎರಡು ಅನುಮಾನ ಬರುತ್ತವೆ. ನನಗೂ ಬಂದಿದ್ದವು, ಮಾವನನ್ನು ಕೇಳಿದೆ.

ಪ್ರಶ್ನೆ: ಪೈಪು ಸೀಳಿದ್ದರೆ ಕೆಳಗೆ ಡೀಸೆಲ್ ಸೋರಿ ಗೊತ್ತಾಗಬೇಕಿತ್ತಲ್ಲ?
ಉತ್ತರ: ಆ ಪೈಪಿನಲ್ಲಿ ಪಂಪು ಡೀಸೆಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಎಳೆಯುವ ಕಡೆ ತೂತಾದರೆ ಹೆಚ್ಚಾಗಿ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದು ಕಡಿಮೆ. ಬಾಯಲ್ಲಿ ಎಳನೀರು ಹೀರುವಾಗ ಕೊಳವೆ ಸೀಳಿದ್ದರೆ ಎಳನೀರು ಹೊರಗೆ ಚೆಲ್ಲುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ.

ಪ್ರಶ್ನೆ: ಹಿಂದಿನ ಸಂಜೆ ಓಡಿಕೊಂಡು ಬಂದ ಲಾರಿ ಮರುದಿನ ಯಾಕೆ ನಿಂತಿತು?
ಉತ್ತರ: ಓಡುವಾಗ ಪಂಪು ಜೋರಾಗಿ ಎಳೆಯುತ್ತಿರುತ್ತದೆ, ಸ್ವಲ್ಪ ಗಾಳಿ ಸೇರಿದರೂ ಹೇಗೋ ಸುಧಾರಿಸಿಕೊಳ್ಳುತ್ತದೆ. ನಿಂತ ಮೇಲೆ ಆ ಸೀಳಿನಿಂದ ಗಾಳಿ ಒಳಸೇರಿ, ಪೈಪಿನಲ್ಲಿದ್ದ ಡೀಸೆಲ್ ತಗ್ಗಿನಲ್ಲಿರುವ ಟ್ಯಾಂಕಿಗೆ ವಾಪಸ್ ಇಳಿದುಹೋಗುತ್ತದೆ. ಪೈಪೆಲ್ಲ ಗಾಳಿ. ಬಿಸಿಯಲ್ಲಿ ಸ್ಟಾರ್ಟ್ ಆಗಿ, ರಾತ್ರಿ ನಿಂತ ಮೇಲೆ ಆಗದ ಲಾರಿಗೆ ಇದೊಂದು ಗುರುತು.

7. ಎಚ್ಚರಿಕೆ – ದಯವಿಟ್ಟು ಎಲ್ಲರೂ ಓದಿ

ಅ) ಒಂದು ಸಲಕ್ಕೆ 10 – 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಇಲ್ಲವಾದರೆ ಸೆಲ್ಫಿನ ಮೋಟಾರು ಸುಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ಆಗ ಒಂದು ರೋಗ ಹೋಗಿ ಎರಡಾಗುತ್ತದೆ.

ಆ) ಡೀಸೆಲ್ ಚಿಮ್ಮುವ ಕಡೆ ಕೈ ಇಡಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳೆಯುತ್ತದೆ, ಬೆರಳನ್ನೇ ತೆಗೆಯಬೇಕಾಗಬಹುದು. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇ) ಚಳಿಗಾಲದಲ್ಲಿ ಕೆಲವರು ಇಂಜಿನ್ ಕೆಳಗೆ ಹುಲ್ಲು ಸುಟ್ಟು ಬಿಸಿ ಮಾಡುತ್ತಾರೆ. ಇದು ಬಹಳ ಅಪಾಯ. ಸೋರಿದ ಡೀಸೆಲ್ಲಿಗೆ ಬೆಂಕಿ ಹತ್ತಿದರೆ ಲಾರಿಯೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಡೀಸೆಲ್ ನೋಡಲು ಬೀಡಿ, ಬೆಂಕಿಕಡ್ಡಿ, ಬುಡ್ಡಿ ದೀಪ ತರಬಾರದು. ಟಾರ್ಚೇ ಇರಬೇಕು.

ಈ) ಲಾರಿ ತಳ್ಳುವಾಗ ಮಕ್ಕಳು ಹತ್ತಿರ ಹೋಗಬಾರದು. ದೊಡ್ಡ ಲಾರಿಯ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ. ಆ ಗಾಳಿ ತುಂಬುವುದು ಇಂಜಿನ್ ಓಡಿದಾಗ ಮಾತ್ರ. ಇಂಜಿನ್ ನಿಂತ ಲಾರಿ ಇಳಿಜಾರಿನಲ್ಲಿ ಉರುಳಿದರೆ ಡ್ರೈವರ್ ಬ್ರೇಕು ತುಳಿದರೂ ನಿಲ್ಲದೇ ಹೋಗಬಹುದು. ಕೆಲಸ ಮಾಡುವ ಮೊದಲು ಚಕ್ರಕ್ಕೆ ಕಲ್ಲು ಕೊಡಬೇಕು.

ಉ) ಬ್ಯಾಟರಿಯಲ್ಲಿ ಗಂಧಕಾಮ್ಲ ಇದೆ. ಕಣ್ಣಿಗೆ, ಮೈಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆಯಬೇಕು.

ಊ) ಸೆಲ್ಫ್ ಹೊಡೆದಾಗ ಇಂಜಿನ್ ಟಕ್ ಎಂದು ಅರ್ಧಕ್ಕೇ ಸಿಕ್ಕಿಕೊಂಡರೆ ಬಲವಂತ ಮಾಡಬಾರದು. ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ಸಿರಿಂಜಿನ ಪ್ರಯೋಗ ನೆನಪಿಸಿಕೊಳ್ಳಿ. ನೀರು ಅದುಮಿಸಿಕೊಳ್ಳುವುದಿಲ್ಲ, ಆಗ ಮುರಿಯುವುದು ಇಂಜಿನ್ನೇ.

8. ಹೊಸ ಲಾರಿಗಳ ವಿಷಯ

ಮೇಲೆ ಹೇಳಿದ ಪೈಪು ಬಿಚ್ಚುವ, ಏರ್ ತೆಗೆಯುವ ಕ್ರಮ ಹಳೇ ಪಂಪಿನ ಲಾರಿಗಳಿಗೆ ಮಾತ್ರ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಎಂಬ ಹೊಗೆ ನಿಯಮ ಬಂದಿದೆ. ಆಮೇಲೆ ತಯಾರಾದ ಲಾರಿಗಳಲ್ಲಿ ಡೀಸೆಲ್ ಚಿಮ್ಮಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಾಮನ್ ರೈಲ್ ಎಂಬ ಒಂದು ದಪ್ಪ ಕೊಳವೆಯಲ್ಲಿ ಡೀಸೆಲ್ 1,500 ವಾಯುಭಾರಕ್ಕೂ ಮೇಲಿನ ಒತ್ತಡದಲ್ಲಿ ಇರುತ್ತದೆ. ಇಂಥ ಇಂಜಿನ್ನಿನ ಆ ಪೈಪುಗಳನ್ನು ರಸ್ತೆಯಲ್ಲಿ ಸಡಿಲಿಸಲೇಬಾರದು. ಮೇಸ್ತ್ರಿ ಸ್ಕ್ಯಾನರ್ ಸಿಕ್ಕಿಸಿ ನೋಡುತ್ತಾನೆ. ಆದರೂ ಪ್ರಶ್ನೆಗಳ ಕ್ರಮ ಬದಲಾಗಿಲ್ಲ. ತಿರುಗುತ್ತಿದೆಯೇ, ಗಾಳಿ ಇದೆಯೇ, ಡೀಸೆಲ್ ಬರುತ್ತಿದೆಯೇ ಎಂದೇ ಅಲ್ಲೂ ಕೇಳಬೇಕು.

9. ನೆನಪಿಡಲು ಚಿಕ್ಕ ಪಟ್ಟಿ

ಸದ್ದೇ ಇಲ್ಲ – ಮೇನ್ ಸ್ವಿಚ್, ಟರ್ಮಿನಲ್, ವೈರು
ಟಕ್ ಟಕ್ ಸದ್ದು – ಬ್ಯಾಟರಿ, ಟರ್ಮಿನಲ್, ಸೆಲ್ಫ್
ನಿಧಾನ ಸುತ್ತು – ಬ್ಯಾಟರಿ, ಅರ್ಥ್ ವೈರು
ಜೋರು ಸುತ್ತು, ಹೊಗೆ ಇಲ್ಲ – ಟ್ಯಾಂಕು, ಸ್ಟಾಪರ್, ಫಿಲ್ಟರು, ಏರ್
ಜೋರು ಸುತ್ತು, ಬಿಳಿ ಹೊಗೆ – ಚಳಿ, ನೀರು, ರಿಂಗು, ವಾಲ್ವು, ಟೈಮಿಂಗ್
ಕಪ್ಪು ಹೊಗೆ – ಏರ್ ಕ್ಲೀನರ್

ಉತ್ತರ ಹೇಳಿ ನೋಡೋಣ

1) ಬ್ಯಾಟರಿ ಪೂರಾ ಇಳಿದ ಹಳೇ ಲಾರಿಯನ್ನು ಎಳೆದರೆ ಸ್ಟಾರ್ಟ್ ಆಗಬಹುದು. ಏರ್ ಹಿಡಿದ ಲಾರಿಯನ್ನು ಎಳೆದರೆ ಆಗುವುದಿಲ್ಲ. ಯಾಕೆ?
2) ನೀರಿನ ಬಟ್ಟಲಿನ ಸ್ಕ್ರೂ ಮೇಲೆ ಇಡದೆ ತಳದಲ್ಲಿ ಇಟ್ಟಿರುವುದು ಯಾಕೆ? ಏರ್ ತೆಗೆಯುವ ಸ್ಕ್ರೂ ತಳದಲ್ಲಿ ಇಡದೆ ಮೇಲೆ ಇಟ್ಟಿರುವುದು ಯಾಕೆ?
3) ಕ್ಯಾನಿನಿಂದ ಡೀಸೆಲ್ ಕೊಟ್ಟಾಗಲೂ ನೊರೆ ನಿಲ್ಲದೇ ಇದ್ದಿದ್ದರೆ ಮೇಸ್ತ್ರಿ ಮುಂದೆ ಎಲ್ಲಿ ಹುಡುಕುತ್ತಿದ್ದ?

ಉತ್ತರ ಬರೆದು ಹೆಸರು, ತರಗತಿ ಹಾಕಿ ಪತ್ರಿಕೆಯ ಪಕ್ಕದಲ್ಲಿರುವ ಡಬ್ಬದಲ್ಲಿ ಹಾಕಿ. ಸರಿ ಉತ್ತರ ಮುಂದಿನ ತಿಂಗಳ ಸಂಚಿಕೆಯಲ್ಲಿ. ಮನೆಯಲ್ಲಿ ಟ್ರ್ಯಾಕ್ಟರ್ ಇರುವವರು ದೊಡ್ಡವರ ಜೊತೆ ನಿಂತು ಡೀಸೆಲ್ ಬರುವ ದಾರಿಯನ್ನು ಟ್ಯಾಂಕಿನಿಂದ ನಾಝಲ್ಲಿನವರೆಗೆ ಬೆರಳು ತೋರಿಸಿ ಗುರುತಿಸಿ. ಇಂಜಿನ್ ನಿಂತು ತಣ್ಣಗಾಗಿರಬೇಕು, ಏನನ್ನೂ ಬಿಚ್ಚಬಾರದು. ಬರೀ ನೋಡಿದರೆ ಸಾಕು.

– 7ನೇ ತರಗತಿ, ವಿಜ್ಞಾನ ವಿಭಾಗ